ಅಕ್ಷರಕ್ಕೆ ಯಾರ ಬೀಗ?

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ಕಾಸು ಕೊಡದೆ ಸಿಗುವುದೂ ಫ್ರೀ, ಯಾರ ಹಂಗಿಗೂ ಒಳಗಾಗದ್ದೂ ಫ್ರೀ. ಈ ಒಂದು ಪದ ಹುಟ್ಟಿಸಿದ ಗೊಂದಲವನ್ನು ಬಿಡಿಸಲು ಆ ಭಾಷೆಯ ಸಾಫ್ಟ್‌ವೇರ್ ಮಂದಿ ನಲವತ್ತು ವರ್ಷಗಳಿಂದ ಹೆಣಗುತ್ತಿದ್ದಾರೆ. ನಮಗೆ ಆ ಕಷ್ಟ ಬರಬಾರದಿತ್ತು. ಕನ್ನಡದಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಉರ್ದುವಿನಲ್ಲಿ ‘ಮುಫ್ತ್’ ಬೇರೆ, ‘ಆಜಾದ್’ ಬೇರೆ. ಮದುವೆ ಮನೆಯ ಊಟ ಉಚಿತ. ಊರಿನ ದಾರಿ ಮುಕ್ತ. ಊಟಕ್ಕೆ ಕರೆದರೆ ಹೋಗುತ್ತೇವೆ, ಕರೆಯದಿದ್ದರೆ ಇಲ್ಲ. ದಾರಿಯಲ್ಲಿ ನಡೆಯಲು ಯಾರೂ ಕರೆಯಬೇಕಾಗಿಲ್ಲ.

ಇಷ್ಟು ಸ್ಪಷ್ಟವಾದ ಪದಗಳು ಮನೆಯಲ್ಲೇ ಇದ್ದರೂ ಕನ್ನಡದ ಸಾಫ್ಟ್‌ವೇರ್ ಚರ್ಚೆ ಉಚಿತವನ್ನೇ ಮುಕ್ತವೆಂದು ತಿಳಿದು ಇಪ್ಪತ್ತೈದು ವರ್ಷ ಕಳೆದಿದೆ. ಯಾವ ತಂತ್ರಾಂಶ ಒಳ್ಳೆಯದು, ಯಾರು ಮೊದಲು ಮಾಡಿದರು, ಯಾರದಕ್ಕೆ ಸರ್ಕಾರದ ಮುದ್ರೆ ಬಿತ್ತು ಎಂಬ ವಾದಗಳು ಸಾಕಷ್ಟು ನಡೆದವು. ಆ ವಾದಗಳಲ್ಲಿ ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ಹಿಂದೆ ಉಳಿಯಿತು: ಇವತ್ತು ನಾವು ಬರೆದಿಟ್ಟದ್ದನ್ನು ಇಪ್ಪತ್ತು ವರ್ಷಗಳ ನಂತರ, ನಮ್ಮ ಪರಿಚಯವೇ ಇಲ್ಲದ ಒಬ್ಬರು, ಯಾರ ಅಪ್ಪಣೆಯೂ ಇಲ್ಲದೆ ತೆರೆದು ಓದಬಲ್ಲರೇ? ನಾವು ತಂತ್ರಜ್ಞರಲ್ಲ, ಕಥೆ ಬರೆಯುವವರು. ಉರ್ದು ಶಾಲೆಯಲ್ಲಿ ಅಲಿಫ್, ಬೇ ಕಲಿತು ಕನ್ನಡ ಶಾಲೆಯಲ್ಲಿ ಅ, ಆ ತಿದ್ದಿದವರು. ಎರಡು ಲಿಪಿಗಳನ್ನು ನೆಚ್ಚಿಕೊಂಡವರಾದ್ದರಿಂದ ಈ ಪ್ರಶ್ನೆ ನಮಗೆ ತಂತ್ರಜ್ಞಾನದ್ದೆನ್ನುವುದಕ್ಕಿಂತ ಸಾಹಿತ್ಯದ್ದಾಗಿಯೇ ಕಾಣುತ್ತದೆ.

ಮೊದಲು ಜಗಳದ ಮೂಲವನ್ನು ನೋಡೋಣ. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ತಾವೂ ತಮ್ಮ ಜೊತೆಗಾರರೂ ದುಡಿದು ಬರೆದ ಪ್ರೋಗ್ರಾಮನ್ನು ಹೆಚ್ಚಿನವರು ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆ, ಹೀಗಾದರೆ ಒಳ್ಳೆಯ ಪ್ರೋಗ್ರಾಮ್ ಬರೆಯುವವರು ಯಾರು ಎಂಬುದು ಅದರ ತಿರುಳು. ಇದರಲ್ಲಿ ನ್ಯಾಯವಿಲ್ಲ ಎನ್ನಲಾಗದು. ಏಳು ವರ್ಷಗಳ ನಂತರ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಇನ್ನೊಂದು ಮಾತು ಹೇಳಿದರು. ಪ್ರೋಗ್ರಾಮಿನ ಮೂಲ ಪಾಠವನ್ನು, ಅಂದರೆ ಸೋರ್ಸ್ ಕೋಡನ್ನು, ಬಳಸುವವರಿಂದ ಮುಚ್ಚಿಡುವುದು ಅನ್ಯಾಯ. ಅದನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕು ಬಳಸುವವರಿಗಿರಬೇಕು ಎಂದು. ‘ಗ್ನೂ’ ಯೋಜನೆ ಹೀಗೆ ಹುಟ್ಟಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಲಿನಕ್ಸ್ ಇದಕ್ಕೆ ಸೇರಿಕೊಂಡಿತು. 1998ರಲ್ಲಿ ‘ಓಪನ್ ಸೋರ್ಸ್’ ಎಂಬ ಹೆಸರು ಬಂತು. 2001ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದರು. ಅದೇ ಮೈಕ್ರೋಸಾಫ್ಟ್ 2018ರಲ್ಲಿ, ಮುಕ್ತ ತಂತ್ರಾಂಶಗಳ ದೊಡ್ಡ ಉಗ್ರಾಣವಾದ ಗಿಟ್‌ಹಬ್ ಸಂಸ್ಥೆಯನ್ನು 750 ಕೋಟಿ ಡಾಲರಿಗೆ ಕೊಂಡುಕೊಂಡಿತು. ಹೊರಗಿನ ಜಗತ್ತಿನಲ್ಲಿ ಈ ಜಗಳ ಹಗೆಯಿಂದ ವ್ಯವಹಾರಕ್ಕೆ ಬಂದು ನಿಂತಿದೆ.

ನಮ್ಮಲ್ಲಿ ನಡೆದದ್ದು ಬೇರೆ ಬಗೆ. ಕನ್ನಡಕ್ಕೆ ಕಂಪ್ಯೂಟರ್ ಬಂದದ್ದು ಡಿಟಿಪಿ ಅಂಗಡಿಗಳ ಮೂಲಕ. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಸಿ-ಡ್ಯಾಕ್ ಸಂಸ್ಥೆಯ ಐಎಸ್‌ಎಂ ಮುಂತಾದ ಹೆಸರುಗಳು ಆ ಕಾಲದ ಪತ್ರಿಕೆ, ಪ್ರೆಸ್ಸುಗಳಲ್ಲಿ ಓಡಾಡಿದವರಿಗೆ ನೆನಪಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಡಾಂಗಲ್ ಎಂಬ ಬೀಗ. ಗಣಕದ ಹಿಂಬದಿಗೆ ಅದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ಬಾಯಿ ಬಿಡುತ್ತಿರಲಿಲ್ಲ. ಈ ಬೀಗ ಕಣ್ಣಿಗೆ ಕಾಣುವಂಥದು. ಕಾಣದ ಬೀಗ ಇನ್ನೊಂದಿತ್ತು. ಒಂದೊಂದು ತಂತ್ರಾಂಶವೂ ಕನ್ನಡದ ಅಕ್ಷರಗಳನ್ನು ತನ್ನದೇ ಗುಟ್ಟಿನ ಸಂಕೇತದಲ್ಲಿ ಬರೆದಿಡುತ್ತಿತ್ತು. ಗಣಕದ ಒಳಗೆ ನಿಜಕ್ಕೂ ಇದ್ದದ್ದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗ. ಅದರ ಮೇಲೆ ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತಕ್ಷರಗಳ ಚಿತ್ರಗಳನ್ನು ಹೊದಿಸಲಾಗುತ್ತಿತ್ತು. ಆ ಹೊದಿಕೆಯೇ ಫಾಂಟು. ಫಾಂಟು ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳು ಕಲಸಿದ ಕಿಚಡಿ ಕಾಣುತ್ತಿತ್ತು. ಒಂದು ಅಂಗಡಿಯಲ್ಲಿ ಟೈಪಾದದ್ದು ಇನ್ನೊಂದು ಅಂಗಡಿಗೆ ಹೋದರೆ ಅನ್ಯಭಾಷೆಯಾಗುತ್ತಿತ್ತು.

ಈ ಹಿನ್ನೆಲೆಯಲ್ಲಿ ಮೂರು ಹೆಸರುಗಳನ್ನು ಗೌರವದಿಂದ ನೆನೆಯಬೇಕು. ಮೊದಲನೆಯವರು ಕಿನ್ನಿಕಂಬಳ ಪದ್ಮನಾಭ ರಾವ್, ನಾಡು ಕೆ.ಪಿ. ರಾವ್ ಎಂದು ಬಲ್ಲವರು. ಕನ್ನಡದ ಧ್ವನಿಗಳ ಲೆಕ್ಕಾಚಾರದ ಮೇಲೆ ಅವರು ಕೀಲಿಮಣೆಯ ವಿನ್ಯಾಸವೊಂದನ್ನು ಕಟ್ಟಿದರು. ಕ ಅಕ್ಷರಕ್ಕೆ ಒಂದು ಕೀಲಿ, ಗುಣಿತಕ್ಕೆ ಒಂದು ಕೀಲಿ, ಒತ್ತಿಗೆ ಒಂದು ಕೀಲಿ. ನೂರಾರು ಆಕಾರಗಳನ್ನು ಬಾಯಿಪಾಠ ಮಾಡಬೇಕಾದ ಕಷ್ಟ ಹೋಯಿತು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ತಮ್ಮ ತಂತ್ರಾಂಶವನ್ನು ಅವರು ಹಾಗೆಯೇ ಜನರಿಗೆ ಬಿಟ್ಟುಕೊಟ್ಟರು. ಅದಕ್ಕೆ ಬೀಗ ಜಡಿದು ಕುಳಿತಿದ್ದರೆ ಮುಂದೆ ಬಂದ ಕನ್ನಡ ತಂತ್ರಾಂಶಗಳ ದಾರಿ ಇಷ್ಟು ಸಲೀಸಾಗುತ್ತಿರಲಿಲ್ಲ. ಎರಡನೆಯವರು ಶೇಷಾದ್ರಿವಾಸು ಚಂದ್ರಶೇಖರನ್. 1998ರಲ್ಲಿ ಅವರು ಹೊರತಂದ ‘ಬರಹ’ ಮನೆಮನೆಯ ಗಣಕಗಳಿಗೆ ಕನ್ನಡವನ್ನು ತಲುಪಿಸಿತು. ಪರದೇಶದಲ್ಲಿದ್ದ ಕನ್ನಡಿಗರು ಊರಿಗೆ ಕನ್ನಡದಲ್ಲಿ ಕಾಗದ ಬರೆದದ್ದು ಬಹುಪಾಲು ಅದರಿಂದಲೇ. ಮೂರನೆಯದು ಕನ್ನಡ ಗಣಕ ಪರಿಷತ್ತು. ಸರ್ಕಾರದ ಬೆಂಬಲದಿಂದ ಅದು ರೂಪಿಸಿ ಹಂಚಿದ ‘ನುಡಿ’ ಕಚೇರಿಗಳಿಗೂ ಶಾಲೆಗಳಿಗೂ ಹೊಕ್ಕಿತು. ಅಂಗಡಿಗೊಂದು ಸಂಕೇತವಿದ್ದ ಗೊಂದಲ ಅದರಿಂದ ಎಷ್ಟೋ ಕಡಿಮೆಯಾಯಿತು.

ಇಷ್ಟು ಹೇಳಿದ ಮೇಲೆ ವಿಮರ್ಶೆಯ ಮಾತು. ಬರಹವೂ ನುಡಿಯೂ ಕಾಸಿಲ್ಲದೆ ಸಿಕ್ಕವು. ಆದರೆ ಅವುಗಳ ಮೂಲ ಪಾಠ ಬಳಸುವವರ ಕೈಗೆ ಬರಲಿಲ್ಲ. ‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎನ್ನುವ ನಮ್ಮ ಜನಕ್ಕೆ ಅದು ಬೇಕೆಂದು ಅನ್ನಿಸಲೂ ಇಲ್ಲ. ಬರಹದ ನಂತರದ ಆವೃತ್ತಿಗಳಿಗೆ ಬೆಲೆ ಬಂದಾಗ ಹಲವರು ಮುನಿಸಿಕೊಂಡರು. ಆ ಮುನಿಸಿನಲ್ಲಿ ನ್ಯಾಯವಿರಲಿಲ್ಲ. ವರ್ಷಗಟ್ಟಲೆ ಒಬ್ಬರು ದುಡಿದದ್ದಕ್ಕೆ ಬೆಲೆ ಕೇಳುವುದು ಅವರ ಹಕ್ಕು. ಕೊಟ್ಟವರು ನಿಲ್ಲಿಸಬಹುದಾದ ಉಚಿತಕ್ಕೂ, ಕೊಟ್ಟವರೂ ಹಿಂದಕ್ಕೆ ಪಡೆಯಲಾಗದ ಮುಕ್ತಕ್ಕೂ ಇರುವ ಅಂತರ ಆಗಲಾದರೂ ನಮ್ಮ ಕಣ್ಣಿಗೆ ಬೀಳಬೇಕಿತ್ತು. ಬದಲಿಗೆ ಚರ್ಚೆ ಬರಹದ ಕಡೆಯವರು, ನುಡಿಯ ಕಡೆಯವರು ಎಂಬ ಪಂಗಡಗಳಾಗಿ ಒಡೆಯಿತು. ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಕನ್ನಡಕ್ಕೆ ತನ್ನದೇ ಆದ ಗಟ್ಟಿ ತಂತ್ರಾಂಶ ಬೇಕೆಂದು ಹಟ ಹಿಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆಯಿತ್ತು. ಒಬ್ಬ ಕಥೆಗಾರ ಇದನ್ನು ತನ್ನ ಕೆಲಸವೆಂದು ತಿಳಿದದ್ದು ನಮ್ಮಂಥವರಿಗೆ ಧೈರ್ಯ ಕೊಡುವ ಸಂಗತಿ. ಅವರು ಎತ್ತಿದ ಪ್ರಶ್ನೆಯನ್ನು ಮುಂದುವರಿಸಬೇಕಾದ ಸಾಹಿತಿಗಳು ಮಾತ್ರ ‘ಅದು ಟೆಕ್ನಿಕಲ್ ವಿಷಯ’ ಎಂದು ಕೈತೊಳೆದುಕೊಂಡರು.

ಉರ್ದುವಿನ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ನಸ್ತಾಲೀಖ್ ಎಂಬ ಓರೆಯಾಗಿ ಇಳಿಯುವ ಬರವಣಿಗೆಯನ್ನು ಅಚ್ಚಿನ ಮೊಳೆಗೆ ಒಗ್ಗಿಸುವುದು ಕಷ್ಟ. ಆದ್ದರಿಂದ ಎಂಬತ್ತರ ದಶಕದವರೆಗೂ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅವರು ಸಾವಿರಾರು ಕೂಡಕ್ಷರಗಳನ್ನು ಒಂದೊಂದಾಗಿ ಬರೆದು, ಮೊನೊಟೈಪ್ ಸಂಸ್ಥೆಯ ಯಂತ್ರಕ್ಕೆ ‘ನೂರಿ ನಸ್ತಾಲೀಖ್’ ಕೊಟ್ಟರು. 1994ರಲ್ಲಿ ಬಂದ ‘ಇನ್‌ಪೇಜ್’ ಅದನ್ನು ಮೇಜಿನ ಮೇಲಿನ ಗಣಕಕ್ಕೆ ತಂದಿತು. ದೆಹಲಿ, ಲಾಹೋರ್, ಹೈದರಾಬಾದ್, ಬೆಂಗಳೂರು ಎನ್ನದೆ ಉರ್ದು ಮುದ್ರಣವೆಲ್ಲ ಅದರ ಮೇಲೆ ನಿಂತಿತು. ಉಪಕಾರ ಬಹಳ ದೊಡ್ಡದು. ಆದರೆ ಆ ಕಾಲದ ಇನ್‌ಪೇಜ್ ಕಡತವನ್ನು ಇನ್‌ಪೇಜ್ ಮಾತ್ರ ಓದಬಲ್ಲದಾಗಿತ್ತು. ನಂತರದ ಆವೃತ್ತಿಗಳು ಯೂನಿಕೋಡನ್ನು ಒಪ್ಪಿಕೊಂಡವು ನಿಜ. ಅಷ್ಟರೊಳಗೆ ಎಷ್ಟೋ ವರ್ಷಗಳ ಉರ್ದು ಗದ್ಯ, ಪದ್ಯ, ಫತ್ವಾ, ಜಾಹೀರಾತು, ಎಲ್ಲವೂ ಒಂದು ಪೆಟ್ಟಿಗೆಯಲ್ಲಿ ಸೇರಿಹೋಗಿತ್ತು. ಕಾತಿಬನ ಕೈಬರಹವನ್ನು ಅಕ್ಷರ ಬಲ್ಲ ಯಾರಾದರೂ ಓದಬಹುದಿತ್ತು. ಅವನ ಜಾಗಕ್ಕೆ ಬಂದ ಯಂತ್ರದ ಬರಹವನ್ನು ಓದಲು ಯಂತ್ರದ ಒಡೆಯರ ಪರವಾನಗಿ ಬೇಕಾಯಿತು.

ಇಲ್ಲಿ ಇನ್ನೊಂದು ಕಹಿ ಮಾತನ್ನೂ ಆಡಬೇಕು. ಸ್ವಾಮ್ಯದ ತಂತ್ರಾಂಶ ದುಬಾರಿ ಎಂಬ ದೂರು ನಮ್ಮ ಊರುಗಳಲ್ಲಿ ಕೇಳಿದ್ದೇ ಕಡಿಮೆ. ಕಾರಣ, ಅದನ್ನು ಕೊಂಡವರೇ ಕಡಿಮೆ. ತಾಲ್ಲೂಕು ಕೇಂದ್ರಗಳ ಎಷ್ಟೋ ಅಂಗಡಿಗಳಲ್ಲಿ ವಿಂಡೋಸಿನಿಂದ ಹಿಡಿದು ಪುಟ ಕಟ್ಟುವ ತಂತ್ರಾಂಶದವರೆಗೆ ಎಲ್ಲವೂ ನಕಲಿ ಸಿ.ಡಿ.ಯಿಂದ ಬಂದದ್ದು. ಕಳವನ್ನು ಖಂಡಿಸಿ ಸಂಪಾದಕೀಯ ಬರೆದ ಪತ್ರಿಕೆಯೂ, ಹಕ್ಕುಬಾಧ್ಯತೆಯ ಮೇಲೆ ನಡೆದ ಪ್ರವಚನದ ಕರಪತ್ರವೂ ಕದ್ದ ತಂತ್ರಾಂಶದಲ್ಲೇ ಅಚ್ಚಾದದ್ದುಂಟು. ಬಡತನದ ನೆಪ ಹೇಳಿ ಇದನ್ನು ಮುಚ್ಚಿಹಾಕಲಾಗದು. ಯಾಕೆಂದರೆ ಕದಿಯದೆಯೂ ಕಾಸಿಲ್ಲದೆಯೂ ಬಳಸಬಹುದಾದ ತಂತ್ರಾಂಶ ಆಗಲೇ ಇತ್ತು. ನಮ್ಮ ಊರುಗಳಲ್ಲಿ ಆಯ್ಕೆ ಇದ್ದದ್ದು ದುಬಾರಿಯದಕ್ಕೂ ಅಗ್ಗದ್ದಕ್ಕೂ ನಡುವೆ ಅಲ್ಲ. ಕದ್ದದ್ದಕ್ಕೂ ಹಂಚಿಕೊಂಡದ್ದಕ್ಕೂ ನಡುವೆ. ಕದ್ದದ್ದು ಸಲೀಸಾಗಿ ಸಿಗುತ್ತಿದ್ದುದರಿಂದ ಹಂಚಿಕೊಂಡದ್ದರ ಬೆಲೆ ಯಾರಿಗೂ ತಿಳಿಯಲಿಲ್ಲ. ನಕಲು ಪ್ರತಿಯಿಂದ ಕಂಪನಿಗಳಿಗೆ ನಷ್ಟವಾಯಿತು ಎನ್ನುತ್ತಾರೆ. ಮುಕ್ತ ತಂತ್ರಾಂಶಕ್ಕೂ ಅದರಿಂದ ನಷ್ಟವಾಯಿತು; ಕಂಪನಿಗಳ ಅಭ್ಯಾಸ ಮಾತ್ರ ನಮ್ಮ ಬೆರಳುಗಳಲ್ಲಿ ಕಾಯಂ ಆಗಿ ಉಳಿಯಿತು.

ಬೀಗದ ಬೆಲೆ ತಿಳಿಯಲು ನಮ್ಮ ಊರಿನಲ್ಲೇ ಒಂದು ಹೋಲಿಕೆ ಇದೆ. ಊರು ಗುಬ್ಬಿ ತಾಲ್ಲೂಕಿನ ಕಡಬ. ದಕ್ಷಿಣ ಕನ್ನಡದ ಕಡಬವಲ್ಲ. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಕಾಲದ ತಾಮ್ರಶಾಸನವೊಂದು ಇಲ್ಲಿ ಸಿಕ್ಕಿತು. ಅದರ ಕಾಲ ಶಕ ವರ್ಷ 735, ಅಂದರೆ ಕ್ರಿ.ಶ. 813ರ ಸುಮಾರು. ಅರ್ಕಕೀರ್ತಿ ಎಂಬ ಜೈನ ಮುನಿಗೆ ಜಾಲಮಂಗಲ ಎಂಬ ಗ್ರಾಮವನ್ನು ದಾನ ಕೊಟ್ಟ ದಾಖಲೆ ಅದು. ಭಾಷೆ ಬಹುಪಾಲು ಸಂಸ್ಕೃತ, ಲಿಪಿ ಹಳಗನ್ನಡ. ಸಾವಿರ ವರ್ಷಕ್ಕೂ ಮೇಲೆ ಬಿ.ಎಲ್. ರೈಸ್, ಲ್ಯೂಡರ್ಸ್ ಮೊದಲಾದ ಪರದೇಶದ ವಿದ್ವಾಂಸರು ಅದನ್ನು ಓದಿದರು. ತುಮಕೂರು ಜಿಲ್ಲೆಯ ಶಾಸನಗಳಿಗೆಂದೇ ಮೀಸಲಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ 1904ರಲ್ಲಿ ಅಚ್ಚಾಯಿತು. ಕೊಟ್ಟ ದೊರೆಯಿಲ್ಲ, ಪಡೆದ ಮುನಿಯಿಲ್ಲ, ಕೊರೆದ ಅಕ್ಕಸಾಲಿಯ ಹೆಸರು ಯಾರಿಗೂ ನೆನಪಿಲ್ಲ, ರಾಜ್ಯವೇ ಅಳಿದುಹೋಗಿದೆ. ಆದರೂ ಓದಲು ಬೇಕಾಗಿದ್ದದ್ದು ಅಕ್ಷರಜ್ಞಾನವೊಂದೇ. ರಾಷ್ಟ್ರಕೂಟರ ಪರವಾನಗಿ ಬೇಕಾಗಲಿಲ್ಲ.

ಇದರ ಪಕ್ಕಕ್ಕೆ ನಮ್ಮ ಕಾಲದ ಒಂದು ದಾಖಲೆಯನ್ನಿಡೋಣ. 2003ರ ಸುಮಾರಿಗೆ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪಾದ ನಮ್ಮ ಏಳು ಕಥೆಗಳು ಒಂದು ಸಿ.ಡಿ.ಯಲ್ಲಿವೆ. ಸಿ.ಡಿ. ಕೆಟ್ಟಿಲ್ಲ. ಅದನ್ನು ಗಣಕಕ್ಕೆ ಹಾಕಿದರೆ ಕಡತಗಳ ಹೆಸರು ಕಾಣುತ್ತದೆ, ತೂಕ ಕಾಣುತ್ತದೆ. ಆ ತಂತ್ರಾಂಶದ ಆ ಆವೃತ್ತಿ ಈಗ ಸಿಗುವುದಿಲ್ಲ. ಇದ್ದರೂ ಇಂದಿನ ಗಣಕದ ಮೇಲೆ ಕೂರುವುದಿಲ್ಲ. ಅಂಗಡಿ ಮುಚ್ಚಿ ಹತ್ತು ವರ್ಷವಾಯಿತು. ಕಥೆಗಳು ಉಳಿದದ್ದು ಪತ್ರಿಕೆಯಲ್ಲಿ ಅಚ್ಚಾದ ಕಾಗದದಿಂದ. ಅದನ್ನು ನೋಡಿಕೊಂಡು ಮತ್ತೆ ಟೈಪು ಮಾಡಿಸಬೇಕಾಯಿತು. ಅಚ್ಚಾಗದೆ ಉಳಿದವರ ಬರಹಗಳ ಗತಿಯನ್ನು ಓದುಗರೇ ಊಹಿಸಿಕೊಳ್ಳಬಹುದು. ಸಂಘಗಳ ವರದಿ, ಜಾತ್ರೆಯ ಲೆಕ್ಕ, ಜಮಾತಿನ ನಡಾವಳಿ, ಊರ ಇತಿಹಾಸ ಬರೆದಿಟ್ಟ ಮೇಷ್ಟರ ಹಸ್ತಪ್ರತಿ. ಇವುಗಳನ್ನೆಲ್ಲ ‘ಕಂಪ್ಯೂಟರಿಗೆ ಹಾಕಿಸಿದ್ದೇವೆ, ಇನ್ನು ಭಯವಿಲ್ಲ’ ಎಂದು ಮೂಲ ಕಾಗದವನ್ನು ರದ್ದಿಗೆ ಹಾಕಿದವರಿದ್ದಾರೆ. 1200 ವರ್ಷದ ತಾಮ್ರದ ಹಾಳೆ ಓದಲು ಬರುತ್ತದೆ, 20 ವರ್ಷದ ಕಡತ ಓದಲು ಬರುವುದಿಲ್ಲ.

ಈ ಕಾಯಿಲೆಗೆ ಮದ್ದು ಬಂದದ್ದು ಯೂನಿಕೋಡಿನಿಂದ. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೇ ಬಹಿರಂಗ ಸಂಖ್ಯೆ ಎಂಬುದು ಅದರ ತತ್ವ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅರಬಿ ಲಿಪಿಗೂ ಇತ್ತು. ಅದು ನಮ್ಮ ಬಳಕೆಗೆ ಬರಲು ಮಾತ್ರ ಹತ್ತಾರು ವರ್ಷ ಹಿಡಿಯಿತು. ಇಲ್ಲಿ ಮಾತು ಒಮ್ಮುಖವಾಗಬಾರದು. ಯೂನಿಕೋಡ್ ಕನ್ನಡವನ್ನು ಸಾಮಾನ್ಯ ಜನರ ಗಣಕದಲ್ಲಿ ಮೊದಲು ವ್ಯಾಪಕವಾಗಿ ತೋರಿಸಿದ್ದು 2001ರ ವಿಂಡೋಸ್ ಎಕ್ಸ್‌ಪಿ, ‘ತುಂಗಾ’ ಫಾಂಟಿನ ಮೂಲಕ. ಅದು ಸ್ವಾಮ್ಯದ ತಂತ್ರಾಂಶವೇ. ಬರಹವೂ ನುಡಿಯೂ ಮುಂದೆ ಯೂನಿಕೋಡಿಗೆ ಹೊರಳಿದವು. ಆದರೆ ಹಳೆಯ ಗಂಟನ್ನು ಬಿಚ್ಚುವ ಕೆಲಸಕ್ಕೆ ಕೈಹಾಕಿದವರಲ್ಲಿ ಮುಕ್ತ ತಂತ್ರಾಂಶದ ಹುಡುಗರು ಮುಂದಿದ್ದರು. ಅರವಿಂದ ವಿ.ಕೆ. ಅವರು ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನವನ್ನು ಬರೆದು, ಅದರ ಮೂಲ ಪಾಠವನ್ನೂ ಬಹಿರಂಗಪಡಿಸಿದರು. ಅವರೇ ರೂಪಿಸಿದ ಎರಡು ಮುಕ್ತ ಫಾಂಟುಗಳ ಹೆಸರು ‘ನವಿಲು’ ಮತ್ತು ‘ಗುಬ್ಬಿ’. ಗುಬ್ಬಿ ಎಂದಾಗ ನಮ್ಮ ತಾಲ್ಲೂಕಿನವರು ಬೀಗಬೇಕಾಗಿಲ್ಲ. ಅದು ಹಕ್ಕಿಯ ಹೆಸರು. ಆ ಹಕ್ಕಿಯಂತೆಯೇ ಅದು ಯಾರ ಮನೆಯ ಸೂರಿಗಾದರೂ ಬಂದು ಕೂರಬಲ್ಲದು ಎಂಬುದಷ್ಟೇ ಸಂತೋಷ. ಉರ್ದುವಿಗೂ ಲಾಹೋರಿನ ಸಂಶೋಧನಾ ಕೇಂದ್ರವೊಂದು ‘ನಫೀಸ್ ನಸ್ತಾಲೀಖ್’ ಫಾಂಟನ್ನು ಕೊಟ್ಟಿತು. 2014ರಲ್ಲಿ ಗೂಗಲ್ ಸಂಸ್ಥೆಯ ‘ನೋಟೋ ನಸ್ತಾಲೀಖ್’ ಮುಕ್ತ ಪರವಾನಗಿಯಲ್ಲೇ ಬಂತು.

ಹಾಗಾದರೆ ಮುಕ್ತ ತಂತ್ರಾಂಶದವರ ವಾದವೆಲ್ಲ ಸರಿಯೇ? ಎಲ್ಲರ ಮನೆ ದೋಸೆಯೂ ತೂತೇ. ಮೊದಲನೆಯ ತೂತು, ಅವರ ಭಾಷೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮುಂತಾದವುಗಳಿಗೆ ಸ್ವಯಂಸೇವಕರು ಕನ್ನಡದ ಮುಖ ಕೊಟ್ಟದ್ದು ಮೆಚ್ಚಬೇಕಾದ ಕೆಲಸ. ಆದರೆ ಅದರಲ್ಲಿ ಬಳಸಿದ ಎಷ್ಟೋ ಪದಗಳು ನಿಘಂಟಿನಿಂದ ಎದ್ದು ಬಂದಂಥವು. ಅಂಗಡಿಯ ಹುಡುಗ ‘ಸೇವ್ ಮಾಡು’ ಎನ್ನುವಾಗ ತೆರೆಯ ಮೇಲೆ ಬೇರೇನೋ ಇದ್ದರೆ ಅವನು ಇಂಗ್ಲಿಷಿಗೇ ಮರಳುತ್ತಾನೆ. ಎರಡನೆಯದು, ಎಲ್ಲರ ಕೆಲಸ ಯಾರ ಕೆಲಸವೂ ಆಗದೆ ಹೋಗುವುದು. 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಹೊರಬಿದ್ದಾಗ ಜಗತ್ತಿನ ಬ್ಯಾಂಕು, ಅಂಚೆ, ವ್ಯಾಪಾರಗಳ ಗುಟ್ಟನ್ನು ಕಾಯುತ್ತಿದ್ದ ಮುಕ್ತ ತಂತ್ರಾಂಶವೊಂದನ್ನು ಬೆರಳೆಣಿಕೆಯ ಜನ ನಿಭಾಯಿಸುತ್ತಿದ್ದರೆಂಬುದು ಬಯಲಾಯಿತು. ಅದರ ಮೇಲೆ ಲಾಭ ಮಾಡಿದ ದೊಡ್ಡ ಕಂಪನಿಗಳು ಅವರಿಗೆ ಕೊಟ್ಟದ್ದು ಅತ್ಯಲ್ಪ. ಕನ್ನಡದ ಮುಕ್ತ ಕೆಲಸಗಳೂ ಹೀಗೆಯೇ, ನೌಕರಿ ಮುಗಿಸಿ ಬಂದು ರಾತ್ರಿ ನಿದ್ದೆಗೆಟ್ಟು ದುಡಿಯುವ ನಾಲ್ಕಾರು ಜನರ ಮೇಲೆ ನಿಂತಿವೆ. ಮೂರನೆಯದು, ಧೋರಣೆ. ಬಳಸಲು ಕಷ್ಟವಾಗುತ್ತದೆ ಎಂದ ಮುದ್ರಕರಿಗೆ ‘ಮೂಲ ಪಾಠ ಬಹಿರಂಗವಾಗಿದೆ, ನೀವೇ ತಿದ್ದಿಕೊಳ್ಳಿ’ ಎನ್ನುವ ಉತ್ತರ. ಹಸಿದವನಿಗೆ ಗದ್ದೆ ತೋರಿಸಿದಂತೆ ಇದು. ಸ್ವಾಮ್ಯದ ತಂತ್ರಾಂಶದವರು ಕಾಸು ಪಡೆದರೂ ಕರೆದಾಗ ಬಂದು ರಿಪೇರಿ ಮಾಡಿಕೊಟ್ಟರು ಎಂದು ಪ್ರೆಸ್ಸಿನವರು ಹೇಳಿದರೆ ಅದನ್ನು ಅಲ್ಲಗಳೆಯಲಾಗದು.

ಎರಡೂ ಪಕ್ಷಗಳ ವಾದವನ್ನು ಹೀಗೆ ತೂಗಿದ ಮೇಲೆ ನಮಗೆ ತೋಚುವುದನ್ನು ಕಡಬದ ಕೆರೆಯ ಲೆಕ್ಕದಲ್ಲಿ ಹೇಳಬಹುದು. ಶಿಂಷಾ ನದಿಯ ನೀರು ನಿಲ್ಲುವ ಹಳೆಯ ಕೆರೆ ಇದು. ಕೆರೆಗಳಿದ್ದ ಊರುಗಳಲ್ಲಿ ತೂಬು ಎತ್ತಿ ಇಳಿಸಲು ನೀರುಗಂಟಿ ಇರುತ್ತಿದ್ದ. ಅವನ ದುಡಿಮೆಗೆ ಊರು ಕಾಳು ಅಳೆದು ಕೊಡುತ್ತಿತ್ತು. ಕೊಡದಿದ್ದರೆ ತಪ್ಪು. ಆದರೆ ಅವನ ಕೈಯಲ್ಲಿ ತೂಬಿದೆಯೆಂದು ಕೆರೆಯನ್ನೇ ಅವನ ಹೆಸರಿಗೆ ಯಾರೂ ಬರೆದುಕೊಟ್ಟಿಲ್ಲ. ತಂತ್ರಾಂಶ ಬರೆಯುವವರು ಕೂಲಿ ಕೇಳಲಿ, ಬೆಲೆ ಇಡಲಿ, ಬೇಕಾದರೆ ತಮ್ಮ ಪ್ರೋಗ್ರಾಮಿನ ಗುಟ್ಟನ್ನು ಉಳಿಸಿಕೊಳ್ಳಲಿ; ಅದು ಮಾರುಕಟ್ಟೆಯ ಮಾತು. ಅಕ್ಷರದ ಸಂಕೇತ, ಕೀಲಿಮಣೆಯ ವಿನ್ಯಾಸ, ಬರೆದದ್ದನ್ನು ಇಡುವ ಕಡತದ ರೀತಿ, ಇವು ಮಾತ್ರ ಕೆರೆಯ ನೀರು. ಭಾಷೆ ಆಡುವ ಎಲ್ಲರ ಅಮಾನತ್. ಇದಕ್ಕೆ ಬೀಗ ಹಾಕುವ ಅಧಿಕಾರ ಕಂಪನಿಗೂ ಇಲ್ಲ, ಪರಿಷತ್ತಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಸಾರ್ವಜನಿಕರ ತೆರಿಗೆಯಿಂದ ತಯಾರಾದ ತಂತ್ರಾಂಶದ ಮಟ್ಟಿಗಂತೂ ಮೂಲ ಪಾಠವೂ ಜನರದೇ ಆಗಬೇಕು. ಕನ್ನಡದ ಚರ್ಚೆ ಈ ಗೆರೆಯನ್ನು ಎಳೆಯದೆ, ಪ್ರೋಗ್ರಾಮನ್ನೂ ಅಕ್ಷರವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಜಗಳವಾಡಿತು ಎಂಬುದೇ ಅದರ ಮೇಲೆ ನಮ್ಮ ಮುಖ್ಯ ಆಕ್ಷೇಪ.

ಗೆರೆ ಎಳೆಯಲು ಸಾಧ್ಯ ಎಂಬುದಕ್ಕೆ ನೆರೆಯಲ್ಲೇ ಉದಾಹರಣೆ ಇದೆ. ಕೇರಳ ಸರ್ಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿ, ಕೆಲವೇ ವರ್ಷಗಳಲ್ಲಿ ತನ್ನ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಹೊರಳಿಸಿತು. 2017ರಿಂದ ‘ಕೈಟ್’ ಸಂಸ್ಥೆ ಆ ಕೆಲಸ ಮಾಡುತ್ತಿದೆ. ಆದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಡಿಯ ಆಚೆ ನಿಂತೇ ಲಿನಕ್ಸಿನ ಮೇಲೆ ಪಾಠ ಕಲಿತರು. ಕರ್ನಾಟಕದಲ್ಲೂ 2011ರಿಂದ ಪ್ರೌಢಶಾಲಾ ಶಿಕ್ಷಕರ ‘ವಿಷಯ ಶಿಕ್ಷಕರ ವೇದಿಕೆ’ಯಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ಮುಕ್ತ ತಂತ್ರಾಂಶದ ತರಬೇತಿ ನಡೆಯಿತು. ಕಾಸರಗೋಡಿನ ನೆಲದ ಕಯ್ಯೂರು ರೈತ ಹೋರಾಟವನ್ನು ‘ಚಿರಸ್ಮರಣೆ’ಯಾಗಿ ಬರೆದ ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು 2014ರಲ್ಲಿ ಅವರ ಮಗಳು ತೇಜಸ್ವಿನಿ ನಿರಂಜನ ಅವರು ಮುಕ್ತ ಪರವಾನಗಿಗೆ ಒಪ್ಪಿಸಿದರು. ಒಬ್ಬ ಲೇಖಕನ ಕುಟುಂಬ ಅಷ್ಟು ದೊಡ್ಡ ಮನಸ್ಸು ಮಾಡಿದ ಮೇಲೆ, ಆ ಬರಹ ಎಲ್ಲರ ಗಣಕದಲ್ಲೂ ತೆರೆದುಕೊಳ್ಳುವ ಅಕ್ಷರದಲ್ಲಿರುವಂತೆ ನೋಡಿಕೊಳ್ಳುವುದು ಸಮಾಜದ ಪಾಲಿನ ಕೆಲಸ.

ಈಗೇನು, ಎಲ್ಲರೂ ಫೋನಿನಲ್ಲಿ ಯೂನಿಕೋಡಿನಲ್ಲೇ ಬರೆಯುತ್ತಾರೆ, ಸಮಸ್ಯೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಮುಗಿದಿಲ್ಲ, ಬೀಗ ಜಾಗ ಬದಲಿಸಿದೆ. ಪ್ರೆಸ್ಸುಗಳಲ್ಲಿ ಪುಟ ಕಟ್ಟುವುದಕ್ಕೆ ಇವತ್ತಿಗೂ ಹಳೆಯ ಫಾಂಟುಗಳೇ ಅನೇಕ ಕಡೆ ಓಡುತ್ತಿವೆ. ಯೂನಿಕೋಡಿನಲ್ಲಿ ಕಳಿಸಿದ ಲೇಖನವನ್ನು ಹಳೆಯ ಸಂಕೇತಕ್ಕೆ ತಿರುಗಿಸಿ ಅಚ್ಚು ಹಾಕುತ್ತಾರೆ. ಕಾಸಿಲ್ಲದೆ ಸಿಗುವ ಫೋನಿನ ಕೀಲಿಮಣೆ ನಮ್ಮ ಮುಂದಿನ ಪದ ಯಾವುದೆಂದು ಊಹಿಸುತ್ತದೆ. ಆ ಊಹೆಯ ಲೆಕ್ಕ ಕಂಪನಿಯ ಬಳಿ ಇದೆ. ಇದು ಹೊಸ ಉಚಿತ. ಇನ್ನು ಭಾಷೆಯನ್ನೇ ಕಲಿಯುವ ಯಂತ್ರಗಳು ಬಂದಿವೆ. ಐಐಟಿ ಮದ್ರಾಸಿನ ‘ಎಐ4ಭಾರತ್’ ಗುಂಪು 2023ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದದ ಮಾದರಿಯನ್ನು ಮುಕ್ತವಾಗಿ ಬಿಟ್ಟಿತು. ಕನ್ನಡ, ಉರ್ದು ಎರಡೂ ಅದರಲ್ಲಿವೆ. ಇಂಥ ಯಂತ್ರ ಕಲಿಯುವುದು ತೆರೆದ ಅಕ್ಷರದಲ್ಲಿರುವ ಬರಹದಿಂದ. ಹಳೆಯ ಫಾಂಟಿನ ಪೆಟ್ಟಿಗೆಯಲ್ಲಿ ಬಿದ್ದಿರುವ ನಮ್ಮ ಹಿರಿಯರ ಗದ್ಯವನ್ನು ಅದು ಕಾಣಲಾರದು. ತುಮಕೂರು ಸೀಮೆಯ ಆಡುಮಾತು, ನಮ್ಮ ಮನೆಗಳ ದಖನಿ ಬೆರೆತ ಕನ್ನಡ, ಇವು ಹಳೆಯ ಸಂಚಿಕೆಗಳಲ್ಲಿ ಇದ್ದೂ ಇಲ್ಲದಂತಾಗುತ್ತವೆ.

ಆದ್ದರಿಂದ ಮಾಡಬೇಕಾದದ್ದು ದೊಡ್ಡ ಕ್ರಾಂತಿಯಲ್ಲ. ಪ್ರತಿ ಪತ್ರಿಕೆ, ಪ್ರತಿ ಪ್ರಕಾಶನ ತನ್ನ ಹಳೆಯ ಕಡತಗಳನ್ನು ಈ ವರ್ಷವೇ ಯೂನಿಕೋಡಿಗೆ ತಿರುಗಿಸಿ, ಒಂದು ಪ್ರತಿಯನ್ನು ಸಾದಾ ಪಠ್ಯವಾಗಿ ತೆಗೆದಿಡಲಿ. ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುತ್ತದೆ. ಅಚ್ಚಾದ ಪ್ರತಿಯೊಂದಿಗೆ ಹೋಲಿಸಿ ತಿದ್ದಲು ನಿವೃತ್ತ ಮೇಷ್ಟರುಗಳಿಗೆ ನಾಲ್ಕು ಕಾಸು ಕೊಟ್ಟು ಕೂರಿಸಲಿ. ಲೇಖಕರು ತಮ್ಮ ಪುಸ್ತಕದ ಒಪ್ಪಂದಕ್ಕೆ ಸಹಿ ಹಾಕುವಾಗ ಯೂನಿಕೋಡ್ ಕಡತವೂ ತಮ್ಮ ಕೈಗೆ ಬರಬೇಕೆಂದು ಕೇಳಲಿ. ಸರ್ಕಾರ ಮುಂದಿನ ಕನ್ನಡ ತಂತ್ರಾಂಶಕ್ಕೆ ಹಣ ಕೊಡುವಾಗ ಮೂಲ ಪಾಠವನ್ನು ಬಹಿರಂಗಪಡಿಸಬೇಕೆಂಬ ಒಂದು ಸಾಲನ್ನು ಟೆಂಡರಿನಲ್ಲಿ ಸೇರಿಸಲಿ. ರಾತ್ರಿ ನಿದ್ದೆಗೆಟ್ಟು ಫಾಂಟು, ಪರಿವರ್ತಕಗಳನ್ನು ಮಾಡಿಕೊಟ್ಟವರಿಗೆ ರಾಜ್ಯೋತ್ಸವದ ಶಾಲು ಸಾಲದು, ಕೂಲಿ ಸಲ್ಲಲಿ. ಮಸೀದಿ, ಮಠ, ಸಂಘಗಳು ತಮ್ಮ ಕರಪತ್ರವನ್ನಾದರೂ ಕದಿಯದ ತಂತ್ರಾಂಶದಲ್ಲಿ ಅಚ್ಚು ಹಾಕಿಸಲಿ. ಮೂಲ ಕಾಗದವನ್ನು ಮಾತ್ರ ಯಾರೂ ರದ್ದಿಗೆ ಹಾಕದಿರಲಿ. ಬೀಗದ ಕೈ ಕಳೆದುಹೋದ ದಿನ ನೆರವಿಗೆ ಬರುವುದು ಅದೇ.